50 ಎಂಎಂ ಯಾವತ್ತೂ ಐವತ್ತೇ

ಐದು ವರ್ಷದ ಹಿಂದೆ ಮೊದಲ ಕ್ಯಾಮೆರಾ ತೆಗೆದುಕೊಂಡೆ. ನಿಕಾನ್ ಕ್ರಾಪ್ ಬಾಡಿ, ಅಂದರೆ ಬೆಳಕು ಹಿಡಿಯೋ ಸೆನ್ಸರ್ ಚಿಕ್ಕದಿರೋ ಕ್ಯಾಮೆರಾ. ಜೊತೆಗೊಂದು 50 ಎಂಎಂ ಲೆನ್ಸು. ಈ 50 ಅದರ ಫೋಕಲ್ ಲೆಂಗ್ತ್, ಮುಂದೆ ಬರೀ ಉದ್ದ ಅಂತೀನಿ. ಉದ್ದ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತೆ, ಫ್ರೇಮಿಗೆ ಸಿಗೋ ಅಗಲ ಕಮ್ಮಿಯಾಗುತ್ತೆ. "ಸರ್, ನಿಮ್ಮ ಕ್ಯಾಮೆರಾಗೆ ಹಾಕಿದ್ರೆ ಇದು 75 ಆಗುತ್ತೆ. 25 ಎಂಎಂ ಫ್ರೀ ಬಂದ ಹಾಗೆ" ಅಂದ ಅಂಗಡಿ ಹುಡುಗ. ಫ್ರೀ ಅಂದರೆ ಯಾರಿಗೆ ಬೇಡ? ಖುಷಿಯಾಗಿ ಮನೆಗೆ ಬಂದೆ.

ಮರುವಾರವೇ ಚಿಕ್ಕಪ್ಪನ ಮೊಮ್ಮಗಳ ನಾಮಕರಣ. ಪುಟ್ಟ ಹಾಲ್, ನಡುವೆ ತೊಟ್ಟಿಲು, ಸುತ್ತ ಹತ್ತು ಹನ್ನೆರಡು ಹೆಂಗಸರು. ನಾನು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿದೆ. ಆದರೂ ಫ್ರೇಮಿಗೆ ಸಿಕ್ಕಿದ್ದು ಅರ್ಧ ತೊಟ್ಟಿಲು, ಸೋದರತ್ತೆಯ ಮೊಣಕೈ. "ಎಲ್ರೂ ಬರ್ತಿದೀವೇನೋ?" ಅಂತ ಚಿಕ್ಕಮ್ಮ ಕೇಳಿದರು. "ಬರ್ತಿದೀರ" ಅಂದೆ. ಸುಳ್ಳು.

ಲೆಕ್ಕ ಆಮೇಲೆ ಗೊತ್ತಾಯಿತು. 50 ಎಂಎಂ ಲೆನ್ಸಿಗೆ ಹತ್ತಡಿ ದೂರದಲ್ಲಿ ಫುಲ್ ಫ್ರೇಮ್ (ಹಳೇ ರೀಲಿನ ಫ್ರೇಮಿನಷ್ಟೇ ದೊಡ್ಡ ಸೆನ್ಸರ್ ಇರೋ) ಕ್ಯಾಮೆರಾದಲ್ಲಾದರೆ ಏಳಡಿ ಅಗಲ ಸಿಗುತ್ತದೆ. ನನ್ನದರಲ್ಲಿ ಐದಡಿಗೂ ಕಮ್ಮಿ. ಫ್ರೀ ಬಂದಿದ್ದೇನೂ ಇಲ್ಲ, ಎರಡೂ ಪಕ್ಕದಿಂದ ಒಂದೊಂದಡಿ ಹೋಗಿತ್ತು ಅಷ್ಟೇ.

ಇದು ನಿಜವಾಗಿ ತಲೆಗೆ ಹತ್ತಿದ್ದು ಒಂದು ಬಿಳಿ ಹಾಳೆಯಿಂದ. ಗೆಳೆಯನ ಹತ್ತಿರ ರೀಲ್ ಕಾಲದ 50 ಎಂಎಂ ಲೆನ್ಸೊಂದಿತ್ತು. ಮಧ್ಯಾಹ್ನ ರೂಮಿನ ಲೈಟು ಆರಿಸಿ, ಲೆನ್ಸನ್ನು ಕಿಟಕಿ ಕಡೆ ಹಿಡಿದು, ಅದರ ಹಿಂದೆ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಾಳೆ ಇಟ್ಟೆವು. ಸ್ವಲ್ಪ ಹಿಂದೆ ಮುಂದೆ ಮಾಡಿದಾಗ ಹೊರಗಿನ ತೆಂಗಿನ ಮರ ಹಾಳೆ ಮೇಲೆ ತಲೆಕೆಳಗಾಗಿ ಮೂಡಿತು. ಗರಿಗಳು ಅಲ್ಲಾಡುವುದೂ ಕಾಣುತ್ತಿತ್ತು. ಮರದ ಎತ್ತರ ಒಂದೂವರೆ ಸೆಂಟಿಮೀಟರ್ ಇರಬಹುದು. ಹಾಳೆ ಮೇಲೆ ಮೊದಲೇ ಎರಡು ಚೌಕ ಎಳೆದಿದ್ದೆವು. ದೊಡ್ಡದು ಫುಲ್ ಫ್ರೇಮ್ ಸೆನ್ಸರಿನ ಅಳತೆ, 36×24 ಎಂಎಂ. ಅದರೊಳಗೆ ನನ್ನ ಕ್ರಾಪ್ ಸೆನ್ಸರಿನದು, 24×16. ದೊಡ್ಡ ಚೌಕದಲ್ಲಿ ಮರ, ಆಕಾಶ, ಪಕ್ಕದ ಮನೆಯ ತಾರಸಿ ಎಲ್ಲ ಇತ್ತು. ಚಿಕ್ಕದರಲ್ಲಿ ಮರವೇ ಇಕ್ಕಟ್ಟಾಗಿ ನಿಂತಿತ್ತು. ಆದರೆ ಮರ ಮಾತ್ರ ಅದೇ. ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಮತ್ತೆ ಫೋಟೋದಲ್ಲಿ ದೊಡ್ಡದಾಗಿ ಯಾಕೆ ಕಾಣುತ್ತೆ? ಚಿಕ್ಕ ಚೌಕವನ್ನೂ ಅದೇ ಸ್ಕ್ರೀನಿನ ತುಂಬ ಎಳೆದು ತೋರಿಸುತ್ತೇವಲ್ಲ, ಅದಕ್ಕೆ. 75 ಅನ್ನೋದು ಲೆನ್ಸಿನ ಉದ್ದ ಅಲ್ಲ. "ಫುಲ್ ಫ್ರೇಮ್‌ನಲ್ಲಿ ಇಷ್ಟೇ ಕಾಣಬೇಕಾದರೆ 75 ಹಾಕಬೇಕಿತ್ತು" ಅನ್ನೋ ಹೋಲಿಕೆ. 36 ಅನ್ನು 24ರಿಂದ ಭಾಗಿಸಿದರೆ 1.5, ಅದರಿಂದ 50 ಗುಣಿಸಿದರೆ 75. ಕ್ಯಾನನ್ ಕ್ರಾಪ್ ಸೆನ್ಸರ್ ಇನ್ನೂ ಒಂಚೂರು ಚಿಕ್ಕದು, ಅಲ್ಲಿ 1.6ರಿಂದ ಗುಣಿಸಬೇಕು. ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಇನ್ನೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ನೇರವಾಗಿ ಎರಡರಿಂದ.

36×24 ಅಳತೆಯೂ ದೇವರು ಕೊಟ್ಟಿದ್ದಲ್ಲ. ಜರ್ಮನಿಯ ಆಸ್ಕರ್ ಬರ್ನಾಕ್ 1913ರ ಹೊತ್ತಿಗೆ ಸಿನಿಮಾ ರೀಲಿನ ಒಂದು ಫ್ರೇಮನ್ನು ಎರಡರಷ್ಟು ಮಾಡಿ ಪುಟ್ಟ ಕ್ಯಾಮೆರಾ ಕಟ್ಟಿದ. 1925ರಲ್ಲಿ ಅದು ಲೈಕಾ ಆಗಿ ಮಾರುಕಟ್ಟೆಗೆ ಬಂತು. ರೀಲ್ ಬಳಸಿದವರಿಗೆ ಆ ಹೋಲಿಕೆ ಬೇಕಿತ್ತು. ರೀಲನ್ನು ಕಣ್ಣಲ್ಲೂ ನೋಡಿರದ ಹುಡುಗರಿಗೂ ನಾವು ಅದನ್ನೇ ಹೇಳಿಕೊಡುತ್ತೇವೆ, ತಮಾಷೆ ಅಲ್ವಾ?

ಹಕ್ಕಿ ಫೋಟೋ ತೆಗೆಯುವವರು ಈಗ ನನ್ನ ಮೇಲೆ ಬೀಳುತ್ತಾರೆ. ರಂಗನತಿಟ್ಟಿನ ದೋಣಿಯಲ್ಲಿ ಕೂತರೆ "ನಂದು 500, ಕ್ರಾಪ್‌ನಲ್ಲಿ 750" ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಪೂರ್ತಿ ತಪ್ಪು ಅನ್ನಲ್ಲ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಫೋಟೋವನ್ನು ಕ್ರಾಪ್ ಸೆನ್ಸರಿನ ಅಳತೆಗೆ ಕತ್ತರಿಸಿದರೆ ಹನ್ನೊಂದೂ ಉಳಿಯಲ್ಲ. ಕ್ರಾಪ್ ಬಾಡಿಯಲ್ಲಿ ಅಷ್ಟೇ ಜಾಗಕ್ಕೆ 20, 24 ಸಿಗುತ್ತದೆ. ಕೊಕ್ಕರೆಯ ಗರಿ ಎಣಿಸೋರಿಗೆ ಅದು ಲಾಭವೇ. ಆದರೆ ಲಾಭ ಬಂದಿದ್ದು ಪಿಕ್ಸೆಲ್ ಒತ್ತೊತ್ತಾಗಿರೋದರಿಂದ, ಲೆನ್ಸು ಉದ್ದ ಆಗಿದ್ದರಿಂದಲ್ಲ. 45.7 ಮೆಗಾಪಿಕ್ಸೆಲ್‌ನ ನಿಕಾನ್ ಫುಲ್ ಫ್ರೇಮ್ ಡಿ850ರಲ್ಲಿ ಅದೇ ಜಾಗ ಕತ್ತರಿಸಿ. 19ರ ಮೇಲೆ ಸಿಗುತ್ತದೆ. ಕ್ರಾಪ್ ಬಾಡಿ ಡಿ500ರದ್ದು 20.9. ಇಬ್ಬರಿಗೂ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ಕೊಕ್ಕರೆ.

ನನ್ನ ತಕರಾರು ಬೇರೆ. ಉದ್ದವನ್ನು ಗುಣಿಸೋರು ಅಪರ್ಚರನ್ನು ಯಾಕೆ ಗುಣಿಸಲ್ಲ? ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡೋ ಕಿಂಡಿ. ಅದರ ಅಳತೆ ಎಫ್ ಸಂಖ್ಯೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು, ಬೆಳಕು ಕಮ್ಮಿ. ಕೂಲ್‌ಪಿಕ್ಸ್ ಪಿ900 ಅನ್ನೋ ನಿಕಾನ್ ಜೂಮ್ ಕ್ಯಾಮೆರಾ ನೋಡಿ. 2015ರ ಕ್ಯಾಮೆರಾ, ಚಂದ್ರನ ಕುಳಿ ತೋರಿಸಿ ಹೆಸರು ಮಾಡಿತು. 2000 ಎಂಎಂ ಅನ್ನುತ್ತಾರೆ. ಲೆನ್ಸು ನಿಜವಾಗಿ 357 ಎಂಎಂ, ಸೆನ್ಸರ್ ಪುಟಾಣಿ, 5.6ರಿಂದ ಗುಣಿಸಿದರೆ 2000. ಸರಿ. ಆ ತುದಿಯಲ್ಲಿ ಅಪರ್ಚರ್ ಎಫ್ 6.5. ಅದನ್ನೂ 5.6ರಿಂದ ಗುಣಿಸಿ, 36 ಬರುತ್ತದೆ! ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳಗಬೇಕು ಅನ್ನೋ) ಲೆಕ್ಕಕ್ಕೆ ಅದು 6.5 ಆಗೇ ಇರುತ್ತದೆ, ಶಟರ್ ಸ್ಪೀಡೇನೂ ಬದಲಾಗಲ್ಲ. ಆದರೆ ಹಿನ್ನೆಲೆ ಮಸುಕಾಗೋದು, ಸೆನ್ಸರ್‌ಗೆ ಒಟ್ಟಾರೆ ಬೀಳೋ ಬೆಳಕು, ಎರಡೂ ಫುಲ್ ಫ್ರೇಮ್‌ನಲ್ಲಿ 2000 ಎಂಎಂ ಲೆನ್ಸನ್ನು ಎಫ್ 36ಕ್ಕೆ ಇಟ್ಟಷ್ಟೇ. ಸಂಜೆ ಕತ್ತಲಾಗುತ್ತಿದ್ದ ಹಾಗೆ ಫೋಟೋ ಯಾಕೆ ಕಾಳುಕಾಳಾಗುತ್ತೆ ಅಂತ ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ.

ಹೊಸಬರು ಕೇಳಿದರೆ ನಾನು ಹೇಳೋದಿಷ್ಟು. ನಿಮ್ಮ ಹತ್ತಿರ ಒಂದೇ ಕ್ಯಾಮೆರಾ ಇದ್ದರೆ ಈ ಗುಣಾಕಾರ ಮರೆತುಬಿಡಿ. ನಿಮ್ಮ ಲೆನ್ಸಿಗೆ ಹತ್ತಡಿಯಲ್ಲಿ ಎಷ್ಟು ಅಗಲ ಸಿಗುತ್ತೆ ಅಂತ ಮನೆಯ ಗೋಡೆಗೆ ಟೇಪ್ ಹಿಡಿದು ನೋಡಿಕೊಳ್ಳಿ. ಹೊಸ ಬಾಡಿ ತೆಗೆದುಕೊಳ್ಳುವಾಗ, ಇನ್ನೊಬ್ಬರ ಲೆನ್ಸ್ ಜೊತೆ ಹೋಲಿಸುವಾಗ ಗುಣಿಸಿದರೆ ಸಾಕು.

ಅಂದಹಾಗೆ, ಆ ನಾಮಕರಣದ್ದು ಎಲ್ಲರೂ ಇರೋ ಫೋಟೋ ಒಂದೇ ಒಂದು. ಚಿಕ್ಕಪ್ಪನ ಮಗಳು ನನ್ನ ಪಕ್ಕದಲ್ಲೇ ನಿಂತು ಐಫೋನ್ 11ರಲ್ಲಿ ತೆಗೆದಿದ್ದು. ಮೊನ್ನೆ ಅದರ ವಿವರ ತೆರೆದು ನೋಡಿದೆ. ಫೋಕಲ್ ಲೆಂಗ್ತ್ 4.25 ಎಂಎಂ, 35 ಎಂಎಂ ರೀಲಿನ, ಅಂದರೆ ಫುಲ್ ಫ್ರೇಮಿನ ಲೆಕ್ಕದಲ್ಲಿ 26. ಸೋದರತ್ತೆಯ ಎರಡೂ ಮೊಣಕೈ ಇವೆ. ಎಡಗಡೆ ಮೂಲೆಯಲ್ಲಿ, ಗೋಡೆಗೆ ಅಂಟಿಕೊಂಡ ನನ್ನ ಲೆನ್ಸಿನ ಮೂತಿಯೂ ಇದೆ.