ಕೋಟೆಮನೆಯಷ್ಟೇ ಮುಖ್ಯವಾದ ಕಲ್ಲಿನ ಅಂಗಳ
ಸ್ಕಾಟ್ಲೆಂಡಿನ ಕಲೇನ್ ಕೋಟೆಮನೆಯನ್ನು ವಾಸ್ತುಶಿಲ್ಪಿ ರಾಬರ್ಟ್ ಆಡಮ್ 1777ರಿಂದ 1792ರ ನಡುವೆ ಹೊಸದಾಗಿ ರೂಪಿಸಿದ ಕಥೆಯನ್ನು ಹೇಳುವ ಲೇಖನವೊಂದನ್ನು ಓದಿದೆ; ಅದು ಅಲ್ಲಿನ ಅಂಡಾಕಾರದ ಮೆಟ್ಟಿಲಸಾಲನ್ನು ವಿಸ್ತಾರವಾಗಿ ವರ್ಣಿಸಿ, ಹತ್ತಿರದ ಹೋಮ್ ಫಾರ್ಮನ್ನು, ಅಂದರೆ ಕೋಟೆಮನೆಯ ಸ್ವಂತ ಕೃಷಿ ಆವರಣವನ್ನು, ಒಂದೇ ವಾಕ್ಯದಲ್ಲಿ ದಾಟಿಹೋದದ್ದು ನನಗೆ ಬೇಸರ ತಂದಿತು. ಆ ಕಲ್ಲಿನ ಕೃಷಿ ಕಟ್ಟಡಗಳೂ ಆಡಮ್ ಅವರದೇ ವಿನ್ಯಾಸ. ನಾಲ್ಕು ಕಟ್ಟಡಗಳು ಚೌಕಾಕಾರದ ಅಂಗಳವೊಂದನ್ನು ಸುತ್ತುವರಿದಿದ್ದು, ಅವುಗಳ ನಡುವಿನ ತೆರಪುಗಳನ್ನು ಕಮಾನುಗಳು ಬೆಸೆಯುವುದರಿಂದ, ಅಂಗಳವು ಒಂದೇ ಕಟ್ಟಡದ ಒಡಲಿನಂತೆ ಕಂಡರೂ ದನಕ್ಕೂ ಗಾಡಿಗೂ ದಾರಿ ಬಿಟ್ಟುಕೊಂಡೇ ನಿಲ್ಲುತ್ತದೆ. ಕೊಟ್ಟಿಗೆಗೂ ಒಡೆಯನ ಮನೆಗೆ ಸಲ್ಲುವಷ್ಟೇ ಶ್ರದ್ಧೆಯಿಂದ ಗೆರೆ ಎಳೆದ ಈ ಮನೋಭಾವವೇ, ನನ್ನ ದೃಷ್ಟಿಯಲ್ಲಿ, ಮೆಟ್ಟಿಲಸಾಲಿಗಿಂತ ದೊಡ್ಡ ಸಾಧನೆ. 1945ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಆರೈಕೆಯಲ್ಲಿರುವ ಈ ಆವರಣದಲ್ಲಿ, ಆ ಅಂಗಳವೇ ಇಂದು ಪ್ರವಾಸಿಗರನ್ನು ಸ್ವಾಗತಿಸುತ್ತಿದೆ.