ಆರನೇ ಕ್ಲಾಸಿಗೆ ಫ್ರೆಂಚು, ಮಳೆಗೆ ರಜೆ

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಎರಡು ಶುರುವಾಗುತ್ತವೆ. ಒಂದು ಮಳೆ, ಇನ್ನೊಂದು ಶಾಲೆಗಳ ಫ್ಲೆಕ್ಸು. ಈ ಸಲ ಹೆದ್ದಾರಿ ಬದಿಯಲ್ಲಿ ಎದ್ದ ಫ್ಲೆಕ್ಸಿನ ಒಂದು ಮೂಲೆಯಲ್ಲಿ ಐಫೆಲ್ ಟವರ್, ಇನ್ನೊಂದು ಮೂಲೆಯಲ್ಲಿ ಫ್ಯೂಜಿ ಪರ್ವತ, ನಡುವೆ ಕೋಟು-ಟೈ ತೊಟ್ಟು ನಗುವ ಹುಡುಗ. ನಮ್ಮ ಸೆಕೆಯಲ್ಲಿ ಕೋಟು ಹಾಕಿಕೊಂಡು ನಗುವ ಮಗು ಇಂಟರ್‌ನೆಟ್ಟಿನಲ್ಲಿ ಮಾತ್ರ ಸಿಗುತ್ತದೆ. ಕೆಳಗೆ ದಪ್ಪ ಅಕ್ಷರ: ‘ಆರನೇ ತರಗತಿಯಿಂದಲೇ ವಿದೇಶಿ ಭಾಷೆ. ಸೀಟುಗಳು ಕೆಲವೇ ಕೆಲವು.’

ಶಾಲೆಯ ಹೆಸರು ಬೇಡ. ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಇದೆ, ಹಿಂದುಗಡೆ ಗದ್ದೆ ಇದೆ. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ನಿಮಗೆ ಹತ್ತಿರದ್ದನ್ನು ಊಹಿಸಿಕೊಳ್ಳಿ.

ಯಾವ ಭಾಷೆ ಕಲಿಸಬೇಕು ಅಂತ ತೀರ್ಮಾನಿಸಲು ಪಾಲಕರ ಸಭೆ ಕರೆದರು. ಕಲಿಯಬೇಕಾದ ಮಕ್ಕಳನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳಿದರು. ಅಡಿಕೆ ವ್ಯಾಪಾರದ ಭಟ್ಟರೊಬ್ಬರು ಮೊದಲು ಎದ್ದರು. ‘ಜರ್ಮನ್ ಇರಲಿ ಮಾರಾಯ್ರೆ. ಅಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸೇ ಇಲ್ಲ.’ ಅಲ್ಲಿ ಪುಕ್ಕಟೆ ಓದುವುದಕ್ಕೆ ಇಲ್ಲಿ ಆರನೇ ಕ್ಲಾಸಿನಿಂದ ದುಡ್ಡು ಕಟ್ಟಬೇಕು ಅನ್ನುವುದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಇನ್ನೊಬ್ಬರಿಗೆ ಕೆನಡಾ ಕನಸು. ಅಲ್ಲಿಗೆ ಅರ್ಜಿ ಹಾಕುವಾಗ ಫ್ರೆಂಚ್ ಬಂದರೆ ಪಾಯಿಂಟು ಜಾಸ್ತಿಯಂತೆ.

ಹಿಂದಿನ ಬೆಂಚಿನಲ್ಲಿದ್ದ ರಿಟೈರ್ಡ್ ಮಾಸ್ತರರು ಒಬ್ಬರೇ ಭಾಷೆಯ ಬಗ್ಗೆ ಮಾತಾಡಿದರು. ಜಪಾನಿ ಭಾಷೆಯಲ್ಲೂ ನಮ್ಮ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಪ್ರತ್ಯಯ ಹೆಸರಿನ ಕೊನೆಗೆ ಅಂಟುತ್ತದೆ, ಹಾಗಾಗಿ ಕನ್ನಡದ ಮಕ್ಕಳಿಗೆ ಅದರ ನಡಿಗೆ ಬೇಗ ಹಿಡಿಯಬಹುದು ಅಂದರು. ಒಳ್ಳೆಯ ಮಾತು. ಆದರೆ ಪ್ರಾಮಾಣಿಕ ಮನುಷ್ಯ ನೋಡಿ, ಅಲ್ಲಿಗೇ ನಿಲ್ಲಿಸಲಿಲ್ಲ. ಪೇಪರ್ ಓದಬೇಕಾದರೆ 2,136 ಕಾಂಜಿ ಅಕ್ಷರ ಬೇಕು ಅಂತಲೂ ಸೇರಿಸಿದರು. ಜಪಾನ್ ಅಲ್ಲಿಗೆ ಮುಗಿಯಿತು. ಚಹಾ ಬಂತು.

ಚಹಾದ ಜೊತೆ ಪೋರ್ಚುಗೀಸ್ ಬಂತು. ಗೋವಾ ಗಡಿಯ ಮಾಜಾಳಿ ಗೇಟಿನ ಆಚೆ ಸಂಬಂಧಿಕರಿರುವ ಕಾರವಾರದವರೊಬ್ಬರು ಹೇಳಿದರು: 1961ರ ಡಿಸೆಂಬರ್ 19ಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗಲ್ಲಿನ ಪೌರತ್ವ ಕೇಳಬಹುದು. ‘ಸದಾಶಿವಗಡವೂ ಕೆಲವು ಕಾಲ ಅವರ ಕೈಯಲ್ಲೇ ಇತ್ತಲ್ವಾ? ಬಿಟ್ಟು ಹೋದರು ನೋಡಿ, ಛೆ!’ ಎಂದು ತಲೆ ಚಚ್ಚಿಕೊಂಡರು. ಹದಿನೆಂಟನೇ ಶತಮಾನದ ಪರದೇಶಿ ಸೈನ್ಯ ನಮ್ಮ ಊರು ಬಿಟ್ಟು ಹೋಯಿತಲ್ಲ ಅಂತ ಇಷ್ಟು ಮನಸಾರೆ ದುಃಖಪಟ್ಟವರನ್ನು ನಾನು ಹಿಂದೆ ಕಂಡಿರಲಿಲ್ಲ. ಕಾರವಾರದ ಎದುರಿಗೇ ಇರುವ ಅಂಜುದೀವವನ್ನು ಪೋರ್ಚುಗೀಸರು 1961ರ ತನಕ ಬಿಡಲಿಲ್ಲ, ಆದರೆ ಆ ದ್ವೀಪ ಇವತ್ತಿಗೂ ಗೋವಾ ಲೆಕ್ಕಕ್ಕೆ. ಆ ಬಾಗಿಲೂ ಮುಚ್ಚಿದ ಹಾಗಾಯಿತು.

ಆಗ ಭಟ್ಕಳದ ಕಡೆಯ ತಾಯಿಯೊಬ್ಬರು ಮೆಲ್ಲನೆ ಕೇಳಿದರು: ‘ಅರೇಬಿಕ್ ಯಾಕೆ ಬೇಡ ಸರ್? ನಮ್ಮ ಕಡೆ ಎಷ್ಟೊಂದು ಮನೆಯವರು ದುಬೈ, ಸೌದಿಯಲ್ಲಿ ದುಡಿಯುತ್ತಾರೆ.’ ಸಭೆ ಸ್ವಲ್ಪ ಹೊತ್ತು ಫ್ಯಾನ್ ನೋಡಿತು. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ‘ಅದು ಅಷ್ಟು ಫಾರಿನ್ ಅನ್ನಿಸೋದಿಲ್ಲ ಮೇಡಂ’ ಅಂದರು. ಇಡೀ ಸಭೆಯಲ್ಲಿ ಯಾರಾದರೂ ನಿಜ ನುಡಿದಿದ್ದರೆ ಅದು ಇದೊಂದೇ. ವಿದೇಶ ಅಂದರೆ ಚಳಿ ಇರಬೇಕು, ಹಿಮ ಬೀಳಬೇಕು, ಫೋಟೋದಲ್ಲಿ ಕೋಟು ಕಾಣಬೇಕು. ಇನ್ನೊಂದು ಸೆಕೆ ಊರಿನ ಭಾಷೆ ಕಲಿಯಲು ಯಾರು ಡೊನೇಶನ್ ಕೊಡುತ್ತಾರೆ?

ಕೊನೆಗೆ ಫ್ರೆಂಚ್ ಗೆದ್ದಿತು. ಕಾರಣ ಕೆನಡಾ ಅಲ್ಲ. ಅಧ್ಯಕ್ಷರ ಸೋದರಳಿಯನ ಹೆಂಡತಿ ಪುಣೆಯಲ್ಲಿದ್ದಾಗ ಮೂರು ತಿಂಗಳ ಫ್ರೆಂಚ್ ಕೋರ್ಸು ಮಾಡಿದ್ದರು.

ಇನ್ನು ಅಡ್ಮಿಶನ್ ಫಾರಂ. ಅದರಲ್ಲಿ ‘ಮಗುವಿಗೆ ಬರುವ ಭಾಷೆಗಳು’ ಅಂತ ಒಂದು ಕಾಲಂ ಇದೆ. ಮೀನುಗಾರ ಖಾರ್ವಿ ಸಮುದಾಯದ ಹುಡುಗನೊಬ್ಬನ ತಾಯಿ ನಿಯತ್ತಿನಿಂದ ತುಂಬಿದರು: ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ, ನೇವಿ ಕಾಲನಿಯ ಗೆಳೆಯರ ಜೊತೆ ಹಿಂದಿ, ಅಜ್ಜಿಯ ಧಾರಾವಾಹಿಗಳಿಂದ ಮರಾಠಿ. ಕೌಂಟರಿನ ಕ್ಲರ್ಕು ನಾಲ್ಕನ್ನೂ ಹೊಡೆದು ಹಾಕಿದರು. ‘ಇವೆಲ್ಲ ಸುಮ್ನೆ ಆಡೋದು ಅಕ್ಕಾ. ಇಂಗ್ಲಿಷ್ ಬರುತ್ತಾ ಇಲ್ವಾ, ಅಷ್ಟು ಬರೀರಿ.’ ಆ ತಾಯಿ ಸುಂಗಟ, ಅಂದರೆ ಸಿಗಡಿ, ಮಾರುವವರು. ಒಬ್ಬ ಗಿರಾಕಿಗೆ ಕೊಂಕಣಿಯಲ್ಲಿ ದರ ಹೇಳಿ, ಪಕ್ಕದ ಪಂಜಾಬಿ ಹೆಂಗಸಿನ ಜೊತೆ ಹಿಂದಿಯಲ್ಲಿ ಚೌಕಾಸಿ ಮುಗಿಸಿ, ಅಂಕೋಲೆಯಿಂದ ಬಂದವರನ್ನು ಕನ್ನಡದಲ್ಲಿ ಗದರುವಷ್ಟರಲ್ಲಿ ಅರ್ಧ ಬುಟ್ಟಿ ಖಾಲಿ. ಸುಮ್ನೆ ಆಡುವುದು ಅಂದರೆ ಇದೇ.

ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಮಗು ಭಾಷೆಯ ವಿಷಯದಲ್ಲಿ ಬಡತನ ಅಂದರೇನು ಅಂತ ತಿಳಿಯಬೇಕಾದರೆ ಶಾಲೆಗೇ ಸೇರಬೇಕು. ಭಟ್ಕಳದಲ್ಲಿ ನವಾಯತಿ, ಶಿರಸಿ-ಸಿದ್ದಾಪುರದ ಹವ್ಯಕರಲ್ಲಿ ಹವಿಗನ್ನಡ, ಅಂಕೋಲೆಯ ಹಾಲಕ್ಕಿಗಳಲ್ಲಿ ಹಾಲಕ್ಕಿ ಕನ್ನಡ, ಯಲ್ಲಾಪುರ-ಹಳಿಯಾಳದ ಸಿದ್ದಿಗಳಲ್ಲಿ ಅವರದೇ ಕೊಂಕಣಿ. ನಿಜವಾದ ವಿದೇಶಿ ಭಾಷೆಯೇ ಬೇಕಿದ್ದರೆ ಅದೂ ಇದೆ. 1966ರಲ್ಲಿ ಟಿಬೆಟಿಯನ್ನರ ನೆಲೆ ಶುರುವಾದಂದಿನಿಂದ ಮುಂಡಗೋಡಿನಲ್ಲಿ ಟಿಬೆಟನ್ ಕೇಳಿಸುತ್ತಿದೆ. ಒಂದು ಬಸ್ ಟಿಕೆಟ್ಟಿಗೆ ಹಿಮಾಲಯದ ಆಚೆಯ ಭಾಷೆ! ಆದರೆ ಬಸ್ಸು ಹೋಗುವ ಊರಿನ ಭಾಷೆಗೆ ಫ್ಲೆಕ್ಸಿನಲ್ಲಿ ಜಾಗ ಇಲ್ಲ.

ಇಷ್ಟಾದ ಮೇಲೆ ಶಾಲೆಯ ಇನ್ನೊಂದು ನಿಯಮ ಹೇಳಲೇಬೇಕು. ಕಾಂಪೌಂಡಿನ ಒಳಗೆ ಮಕ್ಕಳು ಸ್ಥಳೀಯ ಭಾಷೆ ಆಡಿದರೆ 10 ರೂಪಾಯಿ ದಂಡ. ಅದಕ್ಕೆ ಬೇರೆಯೇ ರಸೀದಿ ಪುಸ್ತಕ ಅಚ್ಚು ಹಾಕಿಸಿದ್ದಾರೆ. ಕಾರಣ ಕೂಡ ಮೊದಲೇ ಅಚ್ಚಾಗಿದೆ, ಬರೆಯುವ ಕಷ್ಟ ಇಲ್ಲ. ಹೆಸರು, ತಾರೀಖು ತುಂಬಿದರೆ ಆಯಿತು. ವಸೂಲಿ ಪಿ.ಟಿ. ಸರ್ ಕೆಲಸ.

ಪಾಠದ ಲೆಕ್ಕಕ್ಕೆ ಬರೋಣ. ಫ್ರೆಂಚಿಗೆ ವಾರಕ್ಕೆ ಒಂದು ಪೀರಿಯಡ್ಡು, 40 ನಿಮಿಷ. ವರ್ಷಕ್ಕೆ 35 ಅಂತ ಹಿಡಿಯಿರಿ. ಜುಲೈಯಲ್ಲಿ ರೆಡ್ ಅಲರ್ಟು, ಡಿಸಿ ಸಾಹೇಬರ ರಜೆ. ನಮ್ಮ ಮಕ್ಕಳು ಮೊದಲು ಓದಲು ಕಲಿಯುವುದೇ ರಜೆಯ ಆದೇಶವನ್ನು, ಅದೂ ಮೊಬೈಲಿನಲ್ಲಿ. ಆಮೇಲೆ ಚೌತಿ, ದಸರೆ, ದೀಪಾವಳಿ. ಡಿಸೆಂಬರಿನಲ್ಲಿ ಗ್ಯಾದರಿಂಗು, ಅದರ ಹದಿನೈದು ದಿನದ ಡಾನ್ಸ್ ಪ್ರಾಕ್ಟೀಸು. ಪರೀಕ್ಷೆ ಹತ್ತಿರ ಬಂದರೆ ಗಣಿತದ ಸರ್ ಬಂದು ಪೀರಿಯಡ್ಡು ಕಡ ಕೇಳುತ್ತಾರೆ, ಯಾವತ್ತೂ ವಾಪಸ್ ಕೊಡುವುದಿಲ್ಲ. ಉಳಿಯುವುದು 20. ಅಂದರೆ 13 ತಾಸು 20 ನಿಮಿಷ. ಯುರೋಪಿನವರು ಭಾಷೆ ಕಲಿಕೆಗೆ ಎ1ರಿಂದ ಸಿ2ರ ತನಕ ಆರು ಮೆಟ್ಟಿಲು ಮಾಡಿದ್ದಾರೆ. ಹೆಸರು ಹೇಳುವುದು, ದಾರಿ ಕೇಳುವುದು, ಕಾಫಿ ತರಿಸಿಕೊಳ್ಳುವುದು ಎಲ್ಲ ಕೆಳಗಿನ ಮೆಟ್ಟಿಲು ಎ1. ಅದಕ್ಕೆ ಹೇಗೂ 80 ತಾಸಾದರೂ ಇಟ್ಟುಕೊಳ್ಳೋಣ. ನಮ್ಮ ವೇಗಕ್ಕೆ ಆರು ವರ್ಷ. ಆರನೇ ಕ್ಲಾಸಿನಲ್ಲಿ ಶುರು ಮಾಡಿದ ಮಗು ಹನ್ನೊಂದನೆಯ ಕೊನೆಗೆ ಫ್ರೆಂಚಿನಲ್ಲಿ ಕಾಫಿ ಕೇಳಬಹುದು. ಶಾಲೆ ಇರುವುದು ಹತ್ತರ ತನಕ.

ಈ ಅವಸರವನ್ನು ಯಾರೂ ಹೇರಿದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉದಾಹರಣೆಗೆ ಎಂದು ಎಂಟು ವಿದೇಶಿ ಭಾಷೆ ಹೆಸರಿಸುತ್ತದೆ: ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಪೋರ್ಚುಗೀಸ್, ರಷ್ಯನ್. ಅದೂ ಪ್ರೌಢ ಹಂತಕ್ಕೆ. ಭಟ್ಕಳದವರ ಅರೇಬಿಕ್ ಅಲ್ಲೂ ಇಲ್ಲ. ಮೇಲಿನವರ ಕಥೆ ಇನ್ನೂ ಚಂದ. 2014ರ ನವೆಂಬರಿನಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ವರ್ಷದ ನಡುವೆಯೇ ಜರ್ಮನ್ ತೆಗೆದು ಸಂಸ್ಕೃತ ಹಾಕಿದರು. ನಮ್ಮ ರಾಜ್ಯದಲ್ಲಿ 2025ರ ಆಗಸ್ಟಿನಲ್ಲಿ ರಾಜ್ಯ ಶಿಕ್ಷಣ ನೀತಿಯ ಸುಖದೇವ್ ಥೋರಟ್ ಆಯೋಗ ಶಾಲೆಗಳಲ್ಲಿ ಎರಡು ಭಾಷೆ ಸಾಕು ಅಂದಿತು. ಮೂರು ಬೇಕೋ ಎರಡು ಸಾಕೋ ಅಂತ ದೊಡ್ಡವರು ಕಿತ್ತಾಡುವಾಗ, ನಾಲ್ಕು ಭಾಷೆ ಆಡುವ ಹುಡುಗ ದಂಡ ಕಟ್ಟಿ ಐದನೆಯದಕ್ಕೆ ಫೀಸು ಕಟ್ಟುತ್ತಿದ್ದಾನೆ.

ಫ್ರೆಂಚ್ ಅಕ್ಕೋರು ಒಳ್ಳೆಯವರು, ಸುಳ್ಳು ಹೇಳಬಾರದು. ಆದರೆ ಮೂರು ತಿಂಗಳ ಕೋರ್ಸು ಆಗಸ್ಟಿಗೇ ಖಾಲಿಯಾಯಿತು. ಮುಂದೆ ಸ್ಮಾರ್ಟ್ ಬೋರ್ಡಿನಲ್ಲಿ ಯೂಟ್ಯೂಬು. ಕರೆಂಟು ಹೋದ ದಿನ ಬಣ್ಣಗಳ ಹೆಸರು. ಕರೆಂಟು ನಮ್ಮಲ್ಲಿ ಎಷ್ಟು ಸಲ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತು, ಹಾಗಾಗಿ ಮಕ್ಕಳು ಬಣ್ಣಗಳಲ್ಲಿ ಬಹಳ ಗಟ್ಟಿ. ಓದಲು ಮಾತ್ರ ಪೇಚಾಟ. ಬರೆದದ್ದನ್ನೆಲ್ಲ ಓದುವ ಕನ್ನಡದ ಅಭ್ಯಾಸ ಅವರದು. ಫ್ರೆಂಚಿನವರು ಪದದ ಕೊನೆಯಲ್ಲಿ ಅಕ್ಷರ ಬರೆದು ಎಷ್ಟೋ ಕಡೆ ಉಚ್ಚರಿಸದೇ ಬಿಡುತ್ತಾರೆ. ಪರೀಕ್ಷೆ ಪೂರ್ತಿ ಬರವಣಿಗೆಯದು. ಇಡೀ ಕ್ಲಾಸಿಗೆ ತೊಂಬತ್ತರ ಮೇಲೆ ಅಂಕ. ಬಾಯಿ ತೆರೆಯುವ ಪರೀಕ್ಷೆ ಇಟ್ಟರೆ ಯಾರು ಮೌಲ್ಯಮಾಪನ ಮಾಡಬೇಕು, ಹೇಳಿ?

ಅಂಥ ಪರೀಕ್ಷೆ ತಾನಾಗಿಯೇ ಬಂತು, ಜನವರಿಯಲ್ಲಿ. ಬಾಡಿಗೆ ಸ್ಕೂಟರಿನಲ್ಲಿ ಗೋಕರ್ಣಕ್ಕೆ ಹೊರಟಿದ್ದ ಇಬ್ಬರು ಬಿಳಿಯರು ಪಂಕ್ಚರಾಗಿ ಶಾಲೆಯ ಗೇಟಿನಲ್ಲಿ ನಿಂತರು. ಆಡಳಿತ ಮಂಡಳಿಗೆ ದೇವರೇ ಬಂದಷ್ಟು ಸಂತೋಷ. ಆರನೇ ಕ್ಲಾಸನ್ನು ಸಾಲಾಗಿ ನಿಲ್ಲಿಸಿದರು. ಅಧ್ಯಕ್ಷರು ಫೋಟೋಗ್ರಾಫರನಿಗೆ ಫೋನ್ ಮಾಡಿದರು. ನಲವತ್ತು ಗಂಟಲು ಒಟ್ಟಿಗೆ ‘ಬೊಂಜೂರ್’ ಅಂದಾಗ ಆ ಇಬ್ಬರೂ ತಮ್ಮ ಹಿಂದೆ ಇನ್ಯಾರು ಬಂದರು ಅಂತ ತಿರುಗಿ ನೋಡಿದರು. ಮಕ್ಕಳು ಬಿಡಲಿಲ್ಲ, ಗೇಟು, ಸ್ಕೂಟರು, ಆಕಾಶ, ಅಧ್ಯಕ್ಷರ ಶರ್ಟು ಎಲ್ಲದರ ಬಣ್ಣ ಹೇಳಿದರು. ಅತಿಥಿಗಳು ಪಾಪ, ಟಯರು ತೋರಿಸುತ್ತಲೇ ಇದ್ದರು.

ಅಷ್ಟರಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ನೀರಿನ ಬಾಟಲಿ ಹಿಡಿದು ಆ ಕಡೆ ಬಂದ. ಅವನ ಮಾವನದು ಗೋಕರ್ಣದ ಕುಡ್ಲೆ ಬೀಚಿನಲ್ಲಿ ಶ್ಯಾಕ್, ಅಂದರೆ ಗುಡಿಸಲು ಹೋಟೆಲ್ಲು. ರಜೆಯಲ್ಲೆಲ್ಲ ಅಲ್ಲೇ ಇಸ್ರೇಲಿನವರ ಮೆಚ್ಚಿನ ಮೊಟ್ಟೆ-ಟೊಮೆಟೊ ತಿಂಡಿ ಶಕ್ಷೂಕದ ತಟ್ಟೆ ಹೊರುತ್ತಾನೆ. ಅವರ ಮುಖ ನೋಡಿದ, ಇಬ್ಬರೂ ಆಡುತ್ತಿದ್ದ ಮಾತು ಕೇಳಿದ, ‘ಶಾಲೋಮ್’ ಅಂದ. ಇಸ್ರೇಲಿನವರು! ಮುಂದಿನ ಐದು ನಿಮಿಷ ಹೀಬ್ರೂವಿನಲ್ಲಿ ಭರ್ಜರಿ ಮಾತುಕತೆ. ಪಂಕ್ಚರ್ ಅಂಗಡಿ ಎಲ್ಲಿ, ದರ ಎಷ್ಟು, ಎಷ್ಟಕ್ಕಿಂತ ಜಾಸ್ತಿ ಕೊಡಬಾರದು, ಎಲ್ಲ ಹೇಳಿದ. ಅವರು ನಕ್ಕು, ಅವನ ಬೆನ್ನು ತಟ್ಟಿ, ಸ್ಕೂಟರು ತಳ್ಳಿಕೊಂಡು ಹೋದರು. ಫೋಟೋಗ್ರಾಫರ್ ಆಮೇಲೆ ಬಂದ.

ಮರುದಿನ ಸ್ಟಾಫ್ ರೂಮಿನಲ್ಲಿ ಚರ್ಚೆ. ಹುಡುಗ ಆಡಿದ್ದು ಇಂಗ್ಲಿಷ್ ಅಲ್ಲ, ಸಿಲೆಬಸ್ಸಿನ ಫ್ರೆಂಚೂ ಅಲ್ಲ. ಆರನೇ ಕ್ಲಾಸಿನ ಪಾಲಕರ ಎದುರು ಶಾಲೆಯ ಮಾನ ಹೋಯಿತು. ನಿಯಮ ಅಂದರೆ ನಿಯಮ. ಪಿ.ಟಿ. ಸರ್ ರಸೀದಿ ಪುಸ್ತಕ ತೆಗೆದರು. ಹೀಬ್ರೂಗೆ ಅಂತ ಬೇರೆ ರಸೀದಿ ಇರಲಿಲ್ಲ, ಇದ್ದದ್ದರಲ್ಲೇ ಹೆಸರು ತುಂಬಿ, ತಾರೀಖು ಹಾಕಿ, ಹರಿದು ಕೊಟ್ಟರು: ‘ಕಾರಣ: ಸ್ಥಳೀಯ ಭಾಷೆ ಆಡಿದ್ದಕ್ಕೆ. ದಂಡ: ರೂ. 10.’