ನೀರಿನ ಲೋಟಕ್ಕೆ ಜೇನಿನ ಅಸಲಿಯತ್ತು ಗೊತ್ತಾಗದು

ನೀರಿಗೆ ಬಿಟ್ಟ ಜೇನು ಕರಗದೆ ತಳ ಸೇರಿದರೆ ಅಸಲಿ, ಬಾಟಲಿಯಲ್ಲಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಎರಡೂ ತಪ್ಪು.

ಲೋಟದ ಪರೀಕ್ಷೆ ತೋರಿಸುವುದು ಜೇನು ಎಷ್ಟು ಮಂದ ಎಂಬುದನ್ನಷ್ಟೇ. ಅಡುಗೆಮನೆಯಲ್ಲೇ ನೋಡಬಹುದು: ಸಕ್ಕರೆ ಪಾಕವನ್ನು ಎಳೆ ಬರುವಷ್ಟು ಕಾಯಿಸಿ, ಆರಿಸಿ, ಒಂದು ಚಮಚ ನೀರಿಗೆ ಬಿಡಿ. ಅದೂ ನೆಟ್ಟಗೆ ತಳಕ್ಕಿಳಿಯುತ್ತದೆ. ಇನ್ನು ಮಲೆನಾಡಿನಲ್ಲಿ ಪೆಟ್ಟಿಗೆಯಲ್ಲಿ ಸಾಕುವ ನಾಡತಳಿಯ ನೊಣವಾದ ತುಡುವೆಯ ಜೇನಿನಲ್ಲಿ ಎಷ್ಟೋ ಸಲ ನೀರಿನಂಶ ಶೇ 20 ದಾಟಿರುತ್ತದೆ. ತೆಳುವಾದ ಆ ಅಪ್ಪಟ ಜೇನುತುಪ್ಪವೇ ಇಲ್ಲಿ ನಪಾಸಾಗಬಹುದು, ಪಾಪ.

ಹರಳುಗಟ್ಟುವುದು ಜೇನಿನಲ್ಲಿ ಸಹಜವಾಗಿಯೇ ಇರುವ ಗ್ಲುಕೋಸ್ ಎಂಬ ಸಕ್ಕರೆಯ ಗುಣ. ಅದು ಹೆಚ್ಚಿರುವ ಸಾಸಿವೆ ಹೂವಿನ ಜೇನು ಬೇಗ ಗಟ್ಟಿಯಾಗುತ್ತದೆ. 14 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಇನ್ನೂ ಬೇಗ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ. ಹಾಗಂತ ಹರಳುಗಟ್ಟಿದ್ದೆಲ್ಲ ಶುದ್ಧ ಎನ್ನುವಂತೆಯೂ ಇಲ್ಲ.

ಕಲಬೆರಕೆಯ ಭಯ ಸುಳ್ಳಲ್ಲ, ಸಂದೇಶ ಕಳಿಸುವವರ ಕಾಳಜಿಯೂ ನಿಜವೇ. ಇಂಥ ಪರೀಕ್ಷೆ ಕಂಡಾಗ, ಜೇನಲ್ಲವೆಂದು ಖಚಿತವಿರುವ ಪಾಕದ ಮೇಲೂ ಅದನ್ನೇ ಮಾಡಿ ನೋಡಿ. ಅಕ್ಕಿ, ಮೆಕ್ಕೆಜೋಳದ ಸಿರಪ್ ಬೆರೆತಿದ್ದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು. ಅಲ್ಲೂ ಒಂದೇ ಪರೀಕ್ಷೆ ಸಾಲದು.